ಬೆರಳಿಗೆ ತಿಳಿಯುವ ಗಿಡದ ದಾಹ

ಕುಂಡದ ಗಿಡಕ್ಕೆ ನೀರು ಸಾಲದೋ, ಹೆಚ್ಚಾಯಿತೋ ಎಂಬುದನ್ನು ಕಂಪನ, ಬಿಸಿ ಅಥವಾ ತಂಪಿನ ಮೂಲಕ ಮನೆಯವರ ಕೈಗೆ ಮುಟ್ಟಿಸಬಲ್ಲದು ಸ್ಪರ್ಶ ತಂತ್ರಜ್ಞಾನ. ಮೊಬೈಲ್ ಪರದೆ ನೋಡಬೇಕಿಲ್ಲ, ಬೀಪ್ ಸದ್ದಿಗೆ ಕಾಯಬೇಕಿಲ್ಲ. ಕುಂಡದ ಮೇಲೆ ಕೈಯಿಟ್ಟರೆ ಸಾಕು. ಕಣ್ಣು ಮಂಜಾದ ಹಿರಿಯರಿಗೆ, ಅಂಧರಿಗೆ ಇದರ ಉಪಯೋಗ ಇನ್ನೂ ಹೆಚ್ಚು.

ಒಳಗಿನ ಸ್ಥಿತಿಯನ್ನು ಕೈಯಿಂದ ಅರಿಯುವುದು ತೆಂಗಿನ ನಾಡಾದ ಅರಸೀಕೆರೆ ಸೀಮೆಗೆ ಹೊಸದಲ್ಲ. ಅರಸೀಕೆರೆ, ತಿಪಟೂರು ಭಾಗದಲ್ಲಿ ಉಂಡೆ ಕೊಬ್ಬರಿಗಾಗಿ ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ತಿಂಗಳುಗಟ್ಟಲೆ ಅಟ್ಟದಲ್ಲಿ ಇಡುತ್ತಾರೆ. ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಕಾಯಿ ಅಲುಗಾಡಿಸಿದರೆ ಆ ಒಣ ತಿರುಳು, ಅಂದರೆ ಗಿಟುಕು, ಒಳಗೆ ಗಡಗಡ ಉರುಳುತ್ತದೆ. ಅಂಗೈಗೆ ತಟ್ಟುವ ಆ ಪೆಟ್ಟಿನಿಂದಲೇ ಕೊಬ್ಬರಿ ಆಗಿದೆಯೆಂದು ರೈತ ಹೇಳಬಲ್ಲ. ಕುಂಡದ ಸಾಧನವೂ ಒಳಗಿನ ಸುದ್ದಿಯನ್ನು ಅಷ್ಟೇ ಸ್ಪಷ್ಟವಾಗಿ ಕೈಗೆ ತಲುಪಿಸಬೇಕು.

ಇಂಥ ಸಾಧನ ಬೇಕೇ ಎನ್ನುವವರಿಗೆ ಬಾಡಿದ ತುಳಸಿಯೇ ಉತ್ತರ. ನೀರು ಕಡಿಮೆಯಾದರೆ ಜೀವಕೋಶಗಳ ಬಿಗಿ ಸಡಿಲಿ ಎಲೆ ಜೋಲುತ್ತದೆ. ನೀರು ಅತಿಯಾದರೆ ಬೇರಿಗೆ ಆಮ್ಲಜನಕ ಸಿಗದೆ ಕೊಳೆತು, ಹೀರುವ ಶಕ್ತಿ ಹೋಗಿ, ಆಗಲೂ ಎಲೆ ಜೋಲುತ್ತದೆ. ಕಣ್ಣಿಗೆ ಎರಡೂ ಒಂದೇ. ಕೊಳೆಯುತ್ತಿರುವ ಗಿಡಕ್ಕೆ ಮತ್ತೊಂದು ಚೊಂಬು ನೀರು ಬೀಳುವುದು ಹೀಗೆ.

ಗಿಡದ ಸ್ಥಿತಿ ಅಳೆಯುವ ದಾರಿಗಳು ಹಲವು. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಪ್ರಮಾಣ) ಸುಮಾರು 80, ಒಣ ಮಣ್ಣಿನದು 3ರಿಂದ 5. ಈ ಅಂತರವನ್ನು ಹಿಡಿದು ಕೆಪ್ಯಾಸಿಟಿವ್ ಸೆನ್ಸರ್ ಮಣ್ಣಿನ ತೇವ ಹೇಳುತ್ತದೆ. ನೀರು ಸಾಲದೆ ಪತ್ರರಂಧ್ರಗಳು ಮುಚ್ಚಿದಾಗ ಎಲೆಯ ಉಷ್ಣಾಂಶ ಏರುತ್ತದೆ; ಅದನ್ನೂ ಅಳೆಯಬಹುದು. ಸಸ್ಯಗಳು ವಿದ್ಯುತ್ ಸಂಕೇತಗಳಿಂದಲೂ ಪ್ರತಿಕ್ರಿಯಿಸುತ್ತವೆಂದು ಜಗದೀಶ್ ಚಂದ್ರ ಬೋಸ್ 20ನೇ ಶತಮಾನದ ಆರಂಭದಲ್ಲೇ ತೋರಿಸಿದ್ದರು. ಆದರೆ ಮನೆಬಳಕೆಗೆ ತೇವದ ಸೆನ್ಸರ್ ಸುಲಭ, ಅಗ್ಗ.

ಸೆನ್ಸರನ್ನು ಎಲ್ಲಿ ಚುಚ್ಚಬೇಕೆಂಬುದೂ ಮುಖ್ಯ. ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್ ತುಂಬಿದ ಕುಂಡದಲ್ಲಿ ಮೇಲ್ಪದರ ಒಣಗಿದ್ದರೂ ಕೆಳಗೆ ಹಸಿ ಇರುತ್ತದೆ. ಆದ್ದರಿಂದ ಸೆನ್ಸರ್ ಬೇರಿನ ಆಳಕ್ಕೆ ಇಳಿಯಬೇಕು. ಕೆಂಪು ಮಣ್ಣು ಮತ್ತು ಕೊಕೊಪೀಟ್ ನೀರು ಹಿಡಿದಿಡುವ ರೀತಿ ಬೇರೆ. ಎರಡಕ್ಕೂ ಪ್ರತ್ಯೇಕ ಅಳತೆ ಹೊಂದಿಸಬೇಕು.

ಇನ್ನು ಸ್ಪರ್ಶದ ವಿನ್ಯಾಸ. ಮನುಷ್ಯನ ಚರ್ಮ ಸೆಕೆಂಡಿಗೆ ಸುಮಾರು 250 ಸಲದ ಕಂಪನವನ್ನು ಅತಿ ಸೂಕ್ಷ್ಮವಾಗಿ ಗುರುತಿಸುತ್ತದೆ. ಮೊಬೈಲಿನಲ್ಲಿರುವಂಥ ಪುಟ್ಟ ಮೋಟಾರು ಈ ಕೆಲಸಕ್ಕೆ ಸಾಕು. ಎಡೆಬಿಡದ ಕಂಪನಕ್ಕೆ ಚರ್ಮ ಬೇಗ ಒಗ್ಗಿಹೋಗುವುದರಿಂದ ಬಿಡಿಬಿಡಿ ಮಿಡಿತಗಳೇ ಸರಿ. ಕಾಯಿ ಸುಲಿದು ಒರಟಾದ ಬೆರಳಿಗೂ ಮಗುವಿನ ಬೆರಳಿಗೂ ಕಂಪನದ ಬಲ ಒಂದೇ ರೀತಿ ತಿಳಿಯದು. ಹಾಗಾಗಿ ಅರ್ಥವನ್ನು ಬಲದಲ್ಲಿ ಅಲ್ಲ, ಲಯದಲ್ಲಿ ಇಡಬೇಕು. ಬಾಯಾರಿದ್ದರೆ ಚುರುಕಾದ ಸಣ್ಣ ಮಿಡಿತ, ನೀರು ಹೆಚ್ಚಾಗಿದ್ದರೆ ನಿಧಾನದ ದೀರ್ಘ ಮಿಡಿತ, ಚೆನ್ನಾಗಿದ್ದರೆ ಒಂದೇ ಮೃದು ಮಿಡಿತ. ಗಿಡ ಸುಖವಾಗಿದ್ದಾಗ ಸಾಧನ ಸುಮ್ಮನಿರಬಾರದು. ಏಕೆಂದರೆ ಬ್ಯಾಟರಿ ಮುಗಿದಾಗಲೂ ಅದು ಸುಮ್ಮನಿರುತ್ತದೆ. ಕಂಪನಕ್ಕೆ ಹೋಲಿಸಿದರೆ ಬಿಸಿ, ತಂಪಿನ ಸಂಕೇತ ಚರ್ಮಕ್ಕೆ ತಡವಾಗಿ ತಿಳಿಯುತ್ತದೆ, ವಿದ್ಯುತ್ತನ್ನೂ ಹೆಚ್ಚು ಬೇಡುತ್ತದೆ.

ಈ ದಿಕ್ಕಿನಲ್ಲಿ ಕೆಲಸ ನಡೆದಿದೆ. ಡಿಸ್ನಿ ರಿಸರ್ಚ್ 2012ರಲ್ಲಿ ಮಣ್ಣಿಗೆ ಒಂದು ತಂತಿ ಇಟ್ಟು ಗಿಡವನ್ನೇ ಸ್ಪರ್ಶ ಗ್ರಹಿಸುವ ಸಾಧನವಾಗಿಸಿತು. ಅಲ್ಲಿ ಮನುಷ್ಯನ ಸ್ಪರ್ಶ ಕಂಪ್ಯೂಟರಿಗೆ ತಿಳಿಯಿತೇ ಹೊರತು ಗಿಡದ ಸ್ಥಿತಿ ಮನುಷ್ಯನಿಗಲ್ಲ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ ತೇವ ಸೂಚಕ ಬಣ್ಣದ ದೀಪಗಳಿಂದ ರೈತರಿಗೆ ಮಣ್ಣಿನ ತೇವ ತೋರಿಸುತ್ತದೆ. ಅದಕ್ಕೆ ಕಣ್ಣು ಬೇಕು.

ಬೇಕಾದ ಬಿಡಿಭಾಗಗಳೆಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆಯ ತೋಟಗಾರಿಕಾ ಕೇಂದ್ರವಿದೆ, ಹಾಸನದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಇವೆರಡೂ ಸೇರಿ, ಅಂಧರನ್ನೂ ಹಿರಿಯರನ್ನೂ ಮೊದಲ ದಿನದಿಂದಲೇ ಜೊತೆಗಿಟ್ಟುಕೊಂಡು, ಇಂಥದೊಂದು ಕುಂಡವನ್ನು ವಿದ್ಯಾರ್ಥಿಗಳ ಕೈಯಲ್ಲಿ ಮಾಡಿಸಬೇಕು.