ದೇಹದೊಳಗೆ ಬೆಳೆಯುವ ಕಲ್ಲು

ಬೇಸಗೆಯ ಒಂದು ರಾತ್ರಿ. ಊಟ ಮುಗಿಸಿ ಸುಖವಾಗಿ ಮಲಗಿದ್ದ ಮನುಷ್ಯನು ಎರಡು ಗಂಟೆಯ ಹೊತ್ತಿಗೆ ಸೊಂಟದ ಒಂದು ಪಕ್ಕದಲ್ಲಿ ಚೂರಿಯಿಂದ ಇರಿದಂತಾಗಿ ಎದ್ದು ಕೂರುತ್ತಾನೆ. ಕುಳಿತರೂ ಸಮಾಧಾನವಿಲ್ಲ, ನಿಂತರೂ ಇಲ್ಲ. ನೋವು ಬೆನ್ನಿನಿಂದ ಹೊರಟು ಪಕ್ಕೆಯ ಮೇಲಿಳಿದು ತೊಡೆಯ ಸಂದಿನವರೆಗೂ ಹರಿಯುತ್ತದೆ, ಮೈ ಬೆವರುತ್ತದೆ, ವಾಂತಿಯಾಗುತ್ತದೆ. ಮನೆಯವರು ವಾಯುವೆಂದು ಬಗೆದು ಓಮದ ಕಷಾಯ ಕಾಯಿಸುತ್ತಾರೆ. ನೋವು ಸ್ವಲ್ಪ ಇಳಿದು, ಮತ್ತೆ ಅಲೆಯಂತೆ ಏರುತ್ತದೆ. ಅನುಭವಿಯಾದ ವೈದ್ಯನು ಈ ಚಡಪಡಿಕೆಯನ್ನು ಕಂಡೇ ಅರ್ಧ ನಿದಾನ ಮಾಡಿಬಿಡುತ್ತಾನೆ. ಉದರದ ಒಳಪೊರೆಗೆ ಉರಿಯೂತ ತಗುಲಿದವನು ಅಲುಗಾಡಲು ಅಂಜಿ ಬಿದ್ದಿರುತ್ತಾನೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವನಾದರೋ ಒಂದು ಕ್ಷಣವೂ ನೆಟ್ಟಗಿರಲಾರನು.

ಇಷ್ಟೆಲ್ಲ ಹಾವಳಿಗೆ ಕಾರಣವಾದ ವಸ್ತುವು ಅನೇಕ ವೇಳೆ ಒಂದು ಹೆಸರುಕಾಳಿಗಿಂತ ದೊಡ್ಡದಾಗಿರುವುದಿಲ್ಲ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳವು ಸುಮಾರು ೨೫ ಸೆಂಟಿಮೀಟರು ಉದ್ದವಿದ್ದರೂ, ಅದರ ಒಳಗಣ ಅಗಲ ೩-೪ ಮಿಲಿಮೀಟರು ಮಾತ್ರ. ಕಲ್ಲು ಅಡ್ಡಬಂದಾಗ ಮೇಲಿನ ಮೂತ್ರವು ಕಟ್ಟೆ ಕಟ್ಟಿದಂತೆ ನಿಂತು ನಾಳವೂ ಪಿಂಡವೂ ಉಬ್ಬುತ್ತವೆ. ಆ ಉಬ್ಬರವೇ ನೋವಿನ ಮುಖ್ಯ ಮೂಲ; ಕಲ್ಲಿನ ಮೊನೆ ಚುಚ್ಚುವುದೇ ನೋವೆಂಬ ಸಾಮಾನ್ಯ ಕಲ್ಪನೆ ಪೂರ್ತಿ ಸರಿಯಲ್ಲ.

ನೀರಿನಂಥ ಮೂತ್ರದಲ್ಲಿ ಕಲ್ಲು ಹುಟ್ಟುವುದಾದರೂ ಹೇಗೆ? ಕಲ್ಲುಸಕ್ಕರೆ ಮಾಡುವವರನ್ನು ಕೇಳಿದರೆ ಉತ್ತರ ದೊರೆಯುತ್ತದೆ. ಗಟ್ಟಿ ಪಾಕದಲ್ಲಿ ದಾರ ಇಳಿಬಿಟ್ಟು ಅಲುಗಿಸದೆ ಇಟ್ಟರೆ, ಕರಗಿದ ಸಕ್ಕರೆ ದಾರವನ್ನು ಹಿಡಿದು ಹರಳುಗಟ್ಟುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಕ್ಕೆ ಬಿಟ್ಟು ಉಳಿದುದನ್ನು ಹಿಂದಕ್ಕೆ ಪಡೆಯುತ್ತವೆ. ಹೀಗೆ ಇಂಗಿ ಉಳಿದ ಮೂತ್ರವು ಒಂದು ಬಗೆಯ ಪಾಕವೇ ಸರಿ. ಬೆವರು ಹರಿದು ನೀರು ಕುಡಿಯದಿದ್ದರೆ ಪಾಕ ಇನ್ನೂ ಗಟ್ಟಿಯಾಗುತ್ತದೆ. ದಾರದ ಕೆಲಸ ಮಾಡುವುದು ಏನೆಂಬುದನ್ನು ೧೯೩೭ರಲ್ಲಿ ಅಮೆರಿಕದ ಅಲೆಕ್ಸಾಂಡರ್ ರ್‍ಯಾಂಡಲ್ ಸೂಚಿಸಿದನು: ಪಿಂಡದೊಳಗಿನ ಮೊಲೆತೊಟ್ಟಿನಾಕಾರದ ಭಾಗಗಳಲ್ಲಿ ಸುಣ್ಣದ ತೇಪೆಗಳಿದ್ದು, ಹರಳುಗಳು ಅಲ್ಲಿಗೆ ಅಂಟಿ ಬೆಳೆಯುತ್ತವೆ.

ಬಹುಪಾಲು ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಸೋಂಕಿನಿಂದ ಹುಟ್ಟಿ ಸಾರಂಗದ ಕೊಂಬಿನಂತೆ ಪಿಂಡದ ತುಂಬ ಕವಲೊಡೆಯುವುದು ಇನ್ನೊಂದು ಜಾತಿ. ಯೂರಿಕ್ ಆಮ್ಲದ ಕಲ್ಲು ಸಾಮಾನ್ಯ ಎಕ್ಸ್‌ರೇಗೆ ಕಾಣದಿದ್ದರೂ, ಮೂತ್ರದ ಹುಳಿತನವನ್ನು ಔಷಧಿಯಿಂದ ತಗ್ಗಿಸಿದರೆ ಕೆಲವೇ ತಿಂಗಳಲ್ಲಿ ಕರಗಿಹೋಗುವಷ್ಟು ಸೌಜನ್ಯವುಳ್ಳದ್ದು! ಆದ್ದರಿಂದ ತಾನಾಗಿ ಬಿದ್ದ ಕಲ್ಲನ್ನು ಎಸೆಯದೆ, ಬಟ್ಟೆಯಲ್ಲಿ ಸೋಸಿ ಹಿಡಿದು ವೈದ್ಯರಿಗೆ ಕೊಡತಕ್ಕದ್ದು.

ಈಗ ವಾಚಕರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯ. ನೋವು ನಿಂತಿತೆಂದರೆ ಕಲ್ಲು ಹೋಯಿತೆಂದು ಅರ್ಥವಲ್ಲ. ಪೂರ್ತಿ ಕಟ್ಟಿಕೊಂಡ ಪಿಂಡವು ಕೆಲವು ದಿನಗಳಲ್ಲಿ ತನ್ನ ಕೆಲಸವನ್ನು ತಗ್ಗಿಸುತ್ತದೆ, ಒತ್ತಡ ಇಳಿಯುತ್ತದೆ, ರೋಗಿಯು ಗುಣವಾಯಿತೆಂದು ಹೊಲಕ್ಕೋ ಅಂಗಡಿಗೋ ಹೊರಡುತ್ತಾನೆ. ಒಳಗೆ ಪಿಂಡವು ಸದ್ದಿಲ್ಲದೆ ಸವೆಯುತ್ತಿರುತ್ತದೆ. ಇನ್ನೊಂದು ಪಿಂಡವು ಭಾರವನ್ನೆಲ್ಲ ಹೊರುವುದರಿಂದ ಯಾವ ಕೊರತೆಯೂ ಕಾಣದು. ಬಹುಕಾಲದ ಮೇಲೆ ಬೇರಾವುದೋ ಕಾರಣಕ್ಕೆ ಪರೀಕ್ಷೆ ಮಾಡಿಸಿದಾಗ ಒಂದು ಪಿಂಡವು ತೆಳ್ಳನೆಯ ಚೀಲವಾಗಿ ಉಳಿದಿರುವುದು ಕಂಡುಬಂದರೆ, ಆಗ ಮಾಡತಕ್ಕದ್ದು ಹೆಚ್ಚೇನೂ ಇರುವುದಿಲ್ಲ. ನೋವಿನ ಜೊತೆಗೆ ಚಳಿಜ್ವರ ಬಂದರಂತೂ ಗಂಟೆಗಳ ಲೆಕ್ಕ: ಕಟ್ಟಿನಿಂತ ಮೂತ್ರಕ್ಕೆ ಸೋಂಕು ತಗುಲಿ ನಂಜು ರಕ್ತಕ್ಕೇರುತ್ತದೆ. ಇರುವುದೊಂದೇ ಪಿಂಡವಾದವರೂ ಮೂತ್ರವೇ ನಿಂತವರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆ ಸೇರಬೇಕು.

ಚಿಕಿತ್ಸೆಯ ಕಥೆ ಪುರಾತನವಾದುದು. ಮೂತ್ರಕೋಶದ ಕಲ್ಲನ್ನು ಗುದದ್ವಾರದ ಬಳಿ ಎಡಪಕ್ಕದಲ್ಲಿ ಸೀಳಿ ತೆಗೆಯುವ ವಿಧಾನವನ್ನು ಸುಶ್ರುತನು ವಿವರಿಸಿದ್ದಾನೆ. ಬಿಟ್ಟರೆ ಸಾವು ಖಂಡಿತ, ಮಾಡಿದರೆ ಫಲ ಸಂದಿಗ್ಧ. ಆದಕಾರಣ ಒಡೆಯನ ಅನುಮತಿ ಪಡೆದೇ ಕೈಹಾಕಬೇಕೆಂದು ಅವನು ಎಚ್ಚರಿಸುವ ಮಾತಿನಲ್ಲಿ ಒಬ್ಬ ಪ್ರಾಮಾಣಿಕ ಶಸ್ತ್ರವೈದ್ಯನ ಅಳುಕು ನಮಗೆ ಕೇಳಿಸುತ್ತದೆ. ೧೮೨೪ರಲ್ಲಿ ಪ್ಯಾರಿಸಿನ ಸಿವಿಯಾಲೆಯು ಸೀಳದೆಯೇ, ಮೂತ್ರದ್ವಾರದಿಂದ ಉಪಕರಣ ತೂರಿಸಿ ಕಲ್ಲನ್ನು ಒಳಗೇ ಪುಡಿಮಾಡಿದನು.

ಇದಕ್ಕಿಂತ ವಿಸ್ಮಯಕರವಾದ ಹೆಜ್ಜೆ ವಿಮಾನದ ಕಾರ್ಖಾನೆಯಿಂದ ಬಂದಿತು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹದೊಳಗೆ ಆಘಾತದ ಅಲೆಗಳೇಳುತ್ತವೆ. ಪಶ್ಚಿಮ ಜರ್ಮನಿಯ ಡಾರ್ನಿಯರ್ ಸಂಸ್ಥೆಯ ಎಂಜಿನಿಯರುಗಳು ಇದನ್ನು ಅಭ್ಯಸಿಸುತ್ತಿದ್ದಾಗ, ಇದೇ ಅಲೆಯಿಂದ ಕಲ್ಲನ್ನು ಏಕೆ ಒಡೆಯಬಾರದೆಂಬ ಯೋಚನೆ ಮೂಡಿತು. ವಿಜಯಪುರದ ಗೋಲಗುಂಬಜದಲ್ಲಿ ಈಚೆಗೆ ಪಿಸುಗುಟ್ಟಿದ ಮಾತನ್ನು ಗೋಡೆಯ ಬಾಗು ಆಚೆಯವರ ಕಿವಿಗೆ ಮುಟ್ಟಿಸುತ್ತದಷ್ಟೆ. ಆಕಾರ ಬೇರೆಯಾದರೂ ಉಪಾಯ ಅದೇ ಬಗೆಯದು: ಅಂಡಾಕಾರದ ಲೋಹದ ಬಟ್ಟಲಿನ ಒಂದು ನಾಭಿಯಲ್ಲಿ ವಿದ್ಯುತ್ ಕಿಡಿ ಹೊತ್ತಿಸಿದರೆ ಅಲೆಗಳು ಇನ್ನೊಂದು ನಾಭಿಯಲ್ಲಿ ಬಂದು ಕೂಡುತ್ತವೆ. ಆ ಎಡೆಯಲ್ಲಿ ಕಲ್ಲಿರುವಂತೆ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಹಿಡಿದಿಡಬೇಕು. ನಮ್ಮ ಮಾಂಸವು ಅಲೆಯ ಪಾಲಿಗೆ ಬಹುಮಟ್ಟಿಗೆ ನೀರಿದ್ದಂತೆ, ಅದು ದಾಟಿಹೋಗುತ್ತದೆ. ಕಲ್ಲನ್ನು ಮುಟ್ಟಿದೊಡನೆ ಮಾತ್ರ ತನ್ನ ಶಕ್ತಿಯನ್ನು ಬಿಟ್ಟು ಅದನ್ನು ಸೀಳುತ್ತದೆ. ೧೯೮೦ರ ಫೆಬ್ರವರಿಯಲ್ಲಿ ಮ್ಯೂನಿಕ್ ನಗರದಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನಡೆಯಿತು. ಇಂದಿನ ಯಂತ್ರಗಳಿಗೆ ತೊಟ್ಟಿ ಬೇಕಿಲ್ಲ.

ಆದರೂ ಎಲ್ಲ ಕಲ್ಲಿಗೂ ಇದೇ ಮದ್ದಲ್ಲ. ಐದು ಮಿಲಿಮೀಟರಿನೊಳಗಿನವು ಹೆಚ್ಚಾಗಿ ತಾವೇ ಇಳಿಯುತ್ತವೆ. ನೋವಿಗೆ ಔಷಧಿಯೂ ತಾಳ್ಮೆಯೂ ಮತ್ತೊಂದು ಪರೀಕ್ಷೆಯೂ ಸಾಕು. ನಾಳದಲ್ಲಿ ಸಿಕ್ಕಿದ್ದನ್ನು ಕೆಳಗಿನಿಂದ ಸಪೂರವಾದ ದರ್ಶಕ ತೂರಿಸಿ ಲೇಸರಿನಿಂದ ಪುಡಿಮಾಡುತ್ತಾರೆ. ಎರಡು ಸೆಂಟಿಮೀಟರಿಗೆ ಮೀರಿದ್ದಕ್ಕೆ, ೧೯೭೬ರಲ್ಲಿ ಸ್ವೀಡನ್ನಿನ ವೈದ್ಯರು ಪ್ರಕಟಿಸಿದ ಕ್ರಮದಂತೆ, ಬೆನ್ನಿನಲ್ಲಿ ಕಿರಿದಾದ ರಂಧ್ರ ಮಾಡಿ ಹೊರತೆಗೆಯುವುದು ಮೇಲು. ಚಿಕಿತ್ಸೆಯ ಬಳಿಕ ನಾಳದಲ್ಲಿ ಮೆದು ನಳಿಕೆಯೊಂದನ್ನು ಇಟ್ಟು ಕಳುಹಿಸುವುದುಂಟು. ಅದನ್ನು ಹೇಳಿದ ಅವಧಿಯೊಳಗೆ ತೆಗೆಸಲೇಬೇಕು. ನೋವಿಲ್ಲವೆಂದು ಮರೆತರೆ ನಳಿಕೆಯ ಮೇಲೆಯೇ ಹೊಸ ಕಲ್ಲು ಕಟ್ಟಿ ಪಿಂಡಕ್ಕೆ ಅಪಾಯ ತರುತ್ತದೆ. ತೆಗೆಸುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳ್ಳೆಯದು.

ಆಹಾರದ ವಿಷಯದಲ್ಲಿ ನಮ್ಮಲ್ಲಿ ಮೂಢನಂಬಿಕೆಗಳು ಹೇರಳ. ಟೊಮೆಟೊ ಬೀಜವೇ ಕಲ್ಲಾಗುವುದಿಲ್ಲ. ಬೀಜವು ಕರುಳಿನ ದಾರಿ ಹಿಡಿದರೆ ಮೂತ್ರದ ದಾರಿಯೇ ಬೇರೆ. ಹಾಲು ಬಿಡುವವರು ತಿಳಿಯಬೇಕಾದುದೇನೆಂದರೆ, ೨೦೦೨ರಲ್ಲಿ ಇಟಲಿಯ ಸಂಶೋಧಕರು ೧೨೦ ಗಂಡಸರನ್ನು ಐದು ವರ್ಷ ಪರಿಶೀಲಿಸಿ, ಸುಣ್ಣದ ಅಂಶ ಕಡಮೆ ಮಾಡಿದವರಿಗಿಂತ ಅದನ್ನು ವಾಡಿಕೆಯಂತೆ ಸೇವಿಸಿ ಉಪ್ಪನ್ನೂ ಮಾಂಸವನ್ನೂ ಮಿತಗೊಳಿಸಿದವರಲ್ಲಿ ಕಲ್ಲು ಮರುಕಳಿಸಿದ್ದು ಸುಮಾರು ಅರ್ಧದಷ್ಟೆಂದು ತೋರಿಸಿದರು. ಊಟದಲ್ಲಿನ ಸುಣ್ಣವು ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಹಾಕುತ್ತದೆ. ಹುರುಳಿಯ ಸಾರನ್ನಾಗಲಿ ಬಾಳೆದಿಂಡಿನ ರಸವನ್ನಾಗಲಿ ನಾವು ಹಳಿಯುವುದಿಲ್ಲ. ಅವನ್ನೇ ನಂಬಿ ಪರೀಕ್ಷೆಯನ್ನು ಮುಂದೂಡುವುದು ಮಾತ್ರ ಅಪಾಯಕರ.

ನೀರಿನ ಗುಣಕ್ಕೆ ಲೆಕ್ಕದ ಆಧಾರವಿದೆ. ಇಟಲಿಯವರೇ ೧೯೯೬ರಲ್ಲಿ ಪ್ರಕಟಿಸಿದಂತೆ, ಐದು ವರ್ಷಗಳಲ್ಲಿ ಹೆಚ್ಚು ನೀರು ಕುಡಿದವರಲ್ಲಿ ನೂರಕ್ಕೆ ೧೨ ಮಂದಿಗೂ ಉಳಿದವರಲ್ಲಿ ೨೭ ಮಂದಿಗೂ ಕಲ್ಲು ಮರುಕಳಿಸಿತು. ಆದರೆ ದೂರದ ಬಸ್ಸು ನಡೆಸುವ ಚಾಲಕರೂ ಶೌಚಾಲಯವಿಲ್ಲದ ಶಾಲೆಗೆ ಹೋಗುವ ಹೆಣ್ಣುಮಕ್ಕಳೂ ನೀರು ಕುಡಿಯದಿರುವುದು ಅಜ್ಞಾನದಿಂದಲ್ಲ; ಕುಡಿದ ಮೇಲೆ ಹೋಗುವುದೆಲ್ಲಿಗೆ ಎಂಬ ಅಂಜಿಕೆಯಿಂದ. ಆ ಏರ್ಪಾಡು ಮಾಡದೆ ಅವರಿಗೆ ಉಪದೇಶ ಮಾಡುವುದು ನಮಗೆ ಶೋಭಿಸದು. ಒಮ್ಮೆ ಕಲ್ಲು ಕಂಡವರು, ಹೃದಯದ ಅಥವಾ ಮೂತ್ರಪಿಂಡದ ಬೇರೆ ಕಾಯಿಲೆಯಿಂದಾಗಿ ವೈದ್ಯರ ನಿರ್ಬಂಧವಿಲ್ಲದಿದ್ದರೆ, ದಿನಕ್ಕೆ ಎರಡರಿಂದ ಎರಡೂವರೆ ಲೀಟರು ಮೂತ್ರವಾಗುವಷ್ಟು ನೀರು ಕುಡಿಯಬೇಕು. ಅಳೆಯಲು ಪಾತ್ರೆಯಿಲ್ಲದಿದ್ದರೆ ಬಣ್ಣ ನೋಡಿದರಾಯಿತು: ಒಣಹುಲ್ಲಿಗಿಂತ ಗಾಢವಾಗಿದ್ದರೆ ಇನ್ನೊಂದು ಲೋಟ ನೀರು, ರಾತ್ರಿ ಮಲಗುವ ಮುನ್ನವೂ ಒಂದು.