ನಿಮಗಿದು ಗೊತ್ತೆ? ನೀರು ಹರಿದ ಹಾದಿಯಲ್ಲಿ ಸೈಕಲ್

ಅಮೆರಿಕದ ನೆವಾಡದಲ್ಲಿ, ಟಾಹೋ ಸರೋವರದ ಮೇಲಿನ ಕಡಿದಾದ ಬೆಟ್ಟದ ಮಗ್ಗುಲಲ್ಲಿ ‘ಫ್ಲೂಮ್ ಟ್ರೇಲ್’ ಎಂಬ ಮೌಂಟನ್ ಬೈಕ್ ಹಾದಿಯಿದೆ. ಒಂದು ಬದಿ ಬಂಡೆ, ಇನ್ನೊಂದು ಬದಿ ಸುಮಾರು 1,500 ಅಡಿ ಕೆಳಗೆ ನೀಲಿ ನೀರು. ಆದರೂ ಹಾದಿ ಬಹುಪಾಲು ಸಮತಟ್ಟು!

ಕಾರಣ, ಇದು ಸೈಕಲ್‌ಗಾಗಿ ಕಡಿದದ್ದೇ ಅಲ್ಲ. 1870ರ ದಶಕದಲ್ಲಿ ಬೆಳ್ಳಿ ಗಣಿಗಳ ಊರಾದ ವರ್ಜೀನಿಯಾ ಸಿಟಿಗೆ ನೀರೊಯ್ಯಲು ಇಲ್ಲಿ ಮರದ ಕಾಲುವೆ ಕಟ್ಟಲಾಗಿತ್ತು. ನೀರು ತಾನಾಗಿ ಹರಿಯುವಷ್ಟೇ ಇಳಿಜಾರು ಸಾಕಿತ್ತು; ಇಂದಿನ ಸವಾರರಿಗೆ ಅದೇ ವರ.

ಸ್ಪೂನರ್ ಸರೋವರದಿಂದ ಇಲ್ಲಿಗೆ ಬರುವ ಏರು ಮಾತ್ರ ಬೆವರಿಳಿಸುತ್ತದೆ.

ಪೈನ್ ಕಾಡಿನ ನಡುವಿನ ಟಾಹೋ ರಿಮ್ ಟ್ರೇಲ್ ಹಿಡಿದು ಸುತ್ತು ಹಾಕಿ ಮರಳುವವರೂ ಉಂಟು. ಅದರ ಟಾಹೋ ಮೆಡೋಸ್–ಟನಲ್ ಕ್ರೀಕ್ ಭಾಗದಲ್ಲಿ ಸೈಕಲ್‌ಗೆ ಪ್ರವೇಶ ಸಮಸಂಖ್ಯೆಯ ತಾರೀಕುಗಳಂದು ಮಾತ್ರ. ತಿಂಗಳಿಗೆ 31 ದಿನವಿದ್ದರೆ ಸತತ ಎರಡು ದಿನ ಕಾಯಬೇಕು!