ಸೌದೆ ಒಡೆಯುವ ರಜೆ

ಮನೆಯ ಒಡತಿ ನಮಗೆ ಮೊಟ್ಟಮೊದಲು ತೋರಿಸಿದ್ದು ಸೌದೆ ಕೊಟ್ಟಿಗೆ. ಎಪ್ಪತ್ತರ ಆಸುಪಾಸಿನ ಹೆಂಗಸು, ರಬ್ಬರ್ ಬೂಟು ಹಾಕಿಕೊಂಡು ಮುಂದೆ ಮುಂದೆ ನಡೆದರು. ಆಳೆತ್ತರಕ್ಕೆ ಒಟ್ಟಿದ ಬರ್ಚ್ ಮರದ ಸೀಳುಗಳು, ಕೊರಡಿಗೆ ಕಚ್ಚಿಸಿಟ್ಟ ಕೊಡಲಿ, ಪಕ್ಕದಲ್ಲೊಂದು ಬುಟ್ಟಿ. ಆಮೇಲೆ ಬಾವಿ, ದೋಣಿ, ದಂಡೆಯ ಮೇಲಿನ ಸೌನಾ, ಮರಗಳ ಮರೆಯ ಕಕ್ಕಸು. ಮನೆಯೊಳಗೆ ಕಾಲಿಟ್ಟದ್ದು ಕೊನೆಗೆ. ಐದು ನಿಮಿಷದಲ್ಲಿ ಅದೂ ಮುಗಿಯಿತು. ಭಾವ ತಮಗೆ ಬರುವ ಹರಕುಮುರುಕು ಫಿನ್ನಿಶ್‌ನಲ್ಲಿ ಹೂಂಗುಡುತ್ತಿದ್ದರೆ ಅಕ್ಕ ನನ್ನ ಕಿವಿಯಲ್ಲಿ, ‘ದುಡ್ಡು ಕೊಟ್ಟು ಕೂಲಿಗೆ ಬಂದ ಹಾಗಾಯ್ತಲ್ಲೇ’ ಎಂದಳು.

ಅಕ್ಕ, ಭಾವ ಇರುವುದು ಹೆಲ್ಸಿಂಕಿಯ ಮಗ್ಗುಲಿನ ಎಸ್ಪೋ ನಗರದಲ್ಲಿ. ಜುಲೈ ಬಂತೆಂದರೆ ಅಲ್ಲಿ ಕಚೇರಿಗಳು ಖಾಲಿ ಹೊಡೆಯುತ್ತವೆ. ಇವರೆಲ್ಲ ಎಲ್ಲಿ ಹೋದರು ಎಂದು ಕೇಳಿದರೆ ಒಂದೇ ಉತ್ತರ: ‘ಮೊಕ್ಕಿ’. ಮೊಕ್ಕಿ ಎಂದರೆ ಸರೋವರದ ದಂಡೆಯಲ್ಲಿರುವ ಮರದ ಪುಟ್ಟ ಮನೆ. ಫಿನ್ಲೆಂಡಿನ ಜನಸಂಖ್ಯೆ ಸುಮಾರು 56 ಲಕ್ಷ, ಅಂದರೆ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅಷ್ಟು ಜನರಿಗೆ ಇಂಥ ಬೇಸಿಗೆ ಮನೆಗಳು ಐದು ಲಕ್ಷಕ್ಕೂ ಹೆಚ್ಚು. ಸರೋವರಗಳಿಗಂತೂ ಬರವಿಲ್ಲ. 500 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಐದು ಗುಂಟೆ, ಅದಕ್ಕಿಂತ ದೊಡ್ಡದನ್ನೆಲ್ಲ ಎಣಿಸಿದರೆ 1 ಲಕ್ಷ 88 ಸಾವಿರ! ಸ್ವಂತ ಮೊಕ್ಕಿ ಇಲ್ಲದವರು ಬಾಡಿಗೆಗೆ ಹಿಡಿಯುತ್ತಾರೆ. ನಾವೂ ಒಂದು ವಾರಕ್ಕೆ ಹಿಡಿದೆವು. ಹೆಲ್ಸಿಂಕಿಯಿಂದ 230 ಕಿ.ಮೀ. ದೂರದ ಮಿಕ್ಕೆಲಿ ಪಟ್ಟಣವನ್ನು ದಾಟಿ, ಸೈಮಾ ಸರೋವರದ ಒಂದು ಕವಲಿನಲ್ಲಿ.

ಸೈಮಾ ಎಂದರೆ ಒಂದೇ ಹರವಾದ ನೀರು ಎಂದುಕೊಳ್ಳಬೇಡಿ. 4,400 ಚದರ ಕಿ.ಮೀ. ವಿಸ್ತಾರದ ಆ ಜಲರಾಶಿಯಲ್ಲಿ 13 ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ಎಲ್ಲಿ ನಿಂತರೂ ಎದುರಿಗೊಂದು ಕಾಡಿನ ಗೆರೆ, ಅದರ ಹಿಂದೆ ಮತ್ತೆ ನೀರು. ಸಮುದ್ರದಿಂದ ಸಾವಿರಾರು ವರ್ಷಗಳ ಹಿಂದೆ ಬೇರ್ಪಟ್ಟು ಇಲ್ಲೇ ಉಳಿದ ಸೀಲ್‌ಗಳ ಒಂದು ಕುಲ ಈ ಸಿಹಿನೀರಿನಲ್ಲಿದೆ. ಇರುವುದು ಕೆಲವೇ ನೂರು. ಮರಿಗಳು ಸಿಕ್ಕಿಬೀಳದಿರಲಿ ಎಂದು ವಸಂತದಲ್ಲಿ ಅವುಗಳ ನೆಲೆಯಲ್ಲಿ ಬಲೆ ಹಾಕುವುದನ್ನೇ ನಿಷೇಧಿಸಿದ್ದಾರೆ. ಏಳು ದಿನ ಕಣ್ಣು ಕೀಲಿಸಿ ಕೂತರೂ ನಮಗೆ ಒಂದೂ ಕಾಣಲಿಲ್ಲ.

ಊರು ಬಿಟ್ಟವರ ಊರು

ಹತ್ತೊಂಬತ್ತನೇ ಶತಮಾನದಲ್ಲಿ ನೀರಂಚಿನ ಬೇಸಿಗೆ ಮನೆ ಸಿರಿವಂತರ ಷೋಕಿಯಾಗಿತ್ತು. ಎರಡನೇ ಮಹಾಯುದ್ಧದ ನಂತರ ಕಥೆ ಬದಲಾಯಿತು. 1950ರ ದಶಕದಿಂದೀಚೆಗೆ ಹಳ್ಳಿಯ ಮಕ್ಕಳು ಕಾರ್ಖಾನೆ, ಕಚೇರಿ ಹುಡುಕಿಕೊಂಡು ನಗರ ಸೇರಿದರು. ಸಂಬಳದ ರಜೆ ಸಿಕ್ಕಿತು, ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಆಗ ಅವರು ಹುಟ್ಟೂರಿನ ಹತ್ತಿರ ಒಂದು ತುಂಡು ದಂಡೆ ಕೊಂಡು, ತಾವೇ ಮರ ಕೊಯ್ದು ಮನೆ ಕಟ್ಟಿಕೊಂಡರು. ನಮ್ಮ ಒಡತಿಯ ಅಪ್ಪನೂ ಹಾಗೆಯೇ. 1960ರ ದಶಕದ ಮೂರು ಬೇಸಿಗೆಗಳಲ್ಲಿ ಕಟ್ಟಿದ್ದಂತೆ. ಮೊದಲ ಬೇಸಿಗೆ ಸೌನಾ ಎದ್ದಿತು, ಮನೆ ಮುಗಿಯುವವರೆಗೆ ಕುಟುಂಬ ಅದರಲ್ಲೇ ಮಲಗಿತು.

ಹೊರಗೋಡೆಗೆ ಕೆಮ್ಮಣ್ಣಿನ ಬಣ್ಣ, ಕಿಟಕಿಯ ಅಂಚಿಗೆ ಬಿಳಿ. ಒಳಗೆ ಒಂದೇ ದೊಡ್ಡ ಕೋಣೆ, ಮಹಡಿಯಲ್ಲಿ ಬಾಗಿ ನಡೆಯಬೇಕಾದ ಅಟ್ಟ. ವಿದ್ಯುತ್ ಇದೆ, ನಲ್ಲಿ ಇಲ್ಲ. ಕುಡಿಯಲು ಬಾವಿಯ ನೀರು, ತೊಳೆಯಲು ಸರೋವರದ್ದು. ಇದರಲ್ಲಿ ಬಡತನವೇನೂ ಇಲ್ಲ. ಆ ದೇಶದ ದೊಡ್ಡ ಸಂಗೀತಕಾರ ಜೀನ್ ಸಿಬೇಲಿಯಸ್ 1904ರಲ್ಲಿ ಟೂಸುಲಾ ಸರೋವರದ ಬಳಿ ಕಟ್ಟಿಸಿಕೊಂಡ ಐನೋಲಾ ಮನೆಗೆ 1957ರಲ್ಲಿ ಅವರು ತೀರಿಕೊಳ್ಳುವವರೆಗೂ ಕೊಳಾಯಿ ಬರಲಿಲ್ಲ. ಕೊಳವೆಯಲ್ಲಿ ನೀರು ಹರಿಯುವ ಸದ್ದು ಅವರಿಗೆ ಬೇಡವಾಗಿತ್ತು.

ಕಕ್ಕಸಿಗೆ ನೀರಿನ ಗೊಡವೆಯೇ ಇಲ್ಲ. ಕೂತು ಎದ್ದ ಮೇಲೆ ಒಂದು ಸೌಟು ಮರದ ಹೊಟ್ಟು ಹಾಕಿದರೆ ಮುಗಿಯಿತು, ಮುಂದೆ ಅದೇ ಗೊಬ್ಬರ. ಫಿನ್ನಿಶ್‌ನಲ್ಲಿ ಇದಕ್ಕೆ ‘ಹೂಸ್ಸಿ’ ಎನ್ನುತ್ತಾರೆ. ಹೆಸರು ಕೇಳಿದ ಕೂಡಲೇ ಅಕ್ಕನ ಮಕ್ಕಳಿಬ್ಬರೂ ಬಿದ್ದು ಬಿದ್ದು ಯಾಕೆ ನಕ್ಕರೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಚೊಂಬು ಹಿಡಿದು ಹೊರಟ ನನ್ನನ್ನು ಕಂಡು ನಗುವ ಸರದಿ ಅಲ್ಲಿನವರದಿತ್ತು, ಪುಣ್ಯಕ್ಕೆ ಯಾರೂ ನೋಡಲಿಲ್ಲ.

ಬಚ್ಚಲೊಲೆಯ ನಂಟು

ಮೊದಲ ಸಂಜೆ ಸೌನಾದ ಒಲೆ ಹಚ್ಚುವ ಕೆಲಸ ನಾನೇ ವಹಿಸಿಕೊಂಡೆ. ಮಲೆನಾಡಿನ ಬಚ್ಚಲೊಲೆಯ ಮುಂದೆ ಕೂತು ಬೆಳೆದವಳಿಗೆ ಇದ್ಯಾವ ಮಹಾ ವಿದ್ಯೆ? ಬರ್ಚ್ ತೊಗಟೆ ಎಣ್ಣೆ ಬಟ್ಟೆಯ ಹಾಗೆ ಒಂದೇ ಕಡ್ಡಿಗೆ ಹತ್ತಿಕೊಂಡಿತು. ಸಣ್ಣ ಸೀಳು, ಅದರ ಮೇಲೆ ದಪ್ಪ ಸೀಳು ಇಟ್ಟು ಹೆಮ್ಮೆಯಿಂದ ಬಾಗಿಲು ಮುಚ್ಚಿದೆ. ಎರಡೇ ನಿಮಿಷ, ಇಡೀ ಸೌನಾ ಹೊಗೆ. ಕಣ್ಣು ಉಜ್ಜಿಕೊಳ್ಳುತ್ತಾ ಹೊರಗೋಡಿ ಬಂದೆ. ಹೊಗೆಗೂಡಿಗೆ ಅಡ್ಡಲಾಗಿ ಒಂದು ಜಾರುವ ತಗಡು ಇರುತ್ತದೆ. ಬೆಂಕಿ ಹಚ್ಚುವ ಮೊದಲು ಅದನ್ನು ಎಳೆದು ದಾರಿ ಬಿಡಿಸಬೇಕು. ಕೆಂಡ ಪೂರ್ತಿ ಆರುವ ಮೊದಲೇ ಮುಚ್ಚಿಬಿಟ್ಟರೆ ಕಣ್ಣಿಗೆ ಕಾಣದ ವಿಷಗಾಳಿ ಒಳಗೇ ತುಂಬಿ ಜೀವಕ್ಕೇ ಅಪಾಯ. ಒಡತಿ ಇದನ್ನು ಎರಡೆರಡು ಸಲ ಹೇಳಿದ್ದರು. ಹೆಂಚಿನ ಸಂದಿನಿಂದ ಹೊಗೆ ತಾನೇ ದಾರಿ ಹುಡುಕಿಕೊಳ್ಳುವ ಮನೆಯಲ್ಲಿ ಬೆಳೆದ ನನ್ನ ಕಿವಿಗೆ ಅದು ಬಿದ್ದಿರಲೇ ಇಲ್ಲ.

ಒಲೆಯ ಮೇಲೆ ಪೇರಿಸಿದ ಕಲ್ಲುಗಳು ಕಾಯಲು ಒಂದು ಗಂಟೆ ಬೇಕು. ಹೆಂಗಸರ ಸರದಿ ಮೊದಲು. ಮೈ ತೊಳೆದು ಮೇಲಿನ ಹಲಗೆಯಲ್ಲಿ ಕೂತೆವು. ಗೋಡೆಯ ಉಷ್ಣಮಾಪಕ 80 ಡಿಗ್ರಿ ತೋರಿಸುತ್ತಿತ್ತು. ಅಕ್ಕ ಸೌಟಿನಿಂದ ಕಲ್ಲಿನ ಮೇಲೆ ನೀರು ಚಿಮುಕಿಸಿದಳು. ಚುರ್ ಎಂದ ಸದ್ದಿನ ಹಿಂದೆಯೇ ಬಿಸಿ ಹಬೆಯ ಅಲೆ ಸೂರಿಗೆ ಏರಿ ನಮ್ಮ ಬೆನ್ನ ಮೇಲೆ ಇಳಿಯಿತು. ಈ ಹಬೆಗೆ ‘ಲೊಯ್ಲು’ ಎಂದು ಹೆಸರು. ಫಿನ್ನಿಶ್‌ನ ದಾಯಾದಿ ಭಾಷೆಯಾದ ಹಂಗೇರಿಯನ್‌ನಲ್ಲಿ ಇದೇ ಬೇರಿನ ಪದಕ್ಕೆ ಆತ್ಮ ಎಂಬ ಅರ್ಥವಿದೆ. ಚಿಗುರೆಲೆಯ ಬರ್ಚ್ ಟೊಂಗೆಗಳ ಕಟ್ಟಿನಿಂದ ಮೈ ಬಡಿದುಕೊಂಡರೆ ಮಳೆ ನಿಂತ ಕಾಡಿನ ವಾಸನೆ. ತಡೆಯಲಾರದಷ್ಟು ಬೆವೆತ ಮೇಲೆ ಮರದ ಕಟ್ಟೆಯಿಂದ ಸೀದಾ ಸರೋವರಕ್ಕೆ.

2020ರಲ್ಲಿ ಯುನೆಸ್ಕೊ ಈ ಸೌನಾ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ಹಳ್ಳಿಯ ಹೆಂಗಸರು ಹೆರುತ್ತಿದ್ದದ್ದು ಇಲ್ಲೇ, ಸತ್ತವರಿಗೆ ಕೊನೆಯ ಸ್ನಾನವೂ ಇಲ್ಲೇ. ಬಿಸಿ, ಬೂದಿ, ಹೊಗೆಯಿಂದಾಗಿ ಮನೆಯಲ್ಲೇ ಹೆಚ್ಚು ಶುದ್ಧವಾದ ಜಾಗ ಅದಾಗಿತ್ತು. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹುಯ್ಯುತ್ತಿದ್ದ ನಮ್ಮಜ್ಜಿಗೆ ಇದನ್ನು ಹೇಳಿದ್ದರೆ, ‘ಮತ್ತೆ ಇನ್ನೆಲ್ಲಿ?’ ಎನ್ನುತ್ತಿದ್ದಳು.

ಹಿಡಿಯುವ ಮುನ್ನ

ಬೇಸಿಗೆಯ ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಜೂನ್ 20ರಿಂದ 26ರ ನಡುವಿನ ಶನಿವಾರ ಬರುವ ನಡುಬೇಸಿಗೆಯ ಹಬ್ಬ ‘ಯುಹಾನ್ನುಸ್’ನಿಂದ ಆಗಸ್ಟ್ ಮೊದಲ ವಾರದವರೆಗೆ ಬೇಡಿಕೆ ಜೋರು, ದರವೂ ಜೋರು. ಆಗಸ್ಟ್ ನಡುವಿಗೆ ಅಲ್ಲಿನ ಶಾಲೆಗಳು ಶುರುವಾಗುವುದರಿಂದ ಆಮೇಲೆ ಹೋದರೆ ಜೇಬಿಗೆ ಹಗುರ. ಸೊಳ್ಳೆಯೂ ಕಡಿಮೆ, ಅಣಬೆಯೂ ಹೇರಳ. ಆದರೆ ರಾತ್ರಿ ಹನ್ನೊಂದರ ಹತ್ತಿರ ಸೂರ್ಯ ಮುಳುಗುವ ಬೆರಗು ಬೇಕಿದ್ದರೆ ಜೂನ್–ಜುಲೈಯೇ ಆಗಬೇಕು.

ಹಾಸಿಗೆ ಬಟ್ಟೆ, ಕೊನೆಯ ದಿನದ ಶುಚಿಕಾರ್ಯ ಎರಡೂ ಹೆಚ್ಚಾಗಿ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಹಾಸಿಗೆ ಬಟ್ಟೆ ನಾವೇ ಒಯ್ಯಬೇಕು, ಮನೆ ನಾವೇ ಗುಡಿಸಿ ಒರೆಸಬೇಕು, ಇಲ್ಲವೇ ಬೇರೆ ಹಣ ತೆರಬೇಕು. ಕೇಳಿಕೊಳ್ಳಬೇಕಾದ ಪ್ರಶ್ನೆಗಳು: ನೀರು ಎಲ್ಲಿಂದ, ಕಕ್ಕಸು ಎಂಥದು, ಅಂಗಡಿ ಎಷ್ಟು ದೂರ, ದಂಡೆ ಈ ಮನೆಯದೇ ಅಥವಾ ನಾಲ್ಕು ಮನೆಯವರದೇ, ದೋಣಿಯ ಜೊತೆ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ. ಬರೀ ಗಾಳದ ಕೋಲು, ದಾರದಿಂದ ಮೀನು ಹಿಡಿಯಲು ಯಾರ ಅಪ್ಪಣೆಯೂ ಬೇಡ. ರಾಟೆ ಇರುವ ಕೋಲಾದರೆ 18ರಿಂದ 69 ವರ್ಷದವರು ಸರ್ಕಾರಕ್ಕೆ ಶುಲ್ಕ ಕಟ್ಟಬೇಕು. ಕಾಡಿನ ಹಣ್ಣು, ಅಣಬೆ ಯಾರ ಜಮೀನಿನಲ್ಲಿದ್ದರೂ ಕೀಳಬಹುದು, ಮನೆಯಂಗಳಕ್ಕೆ ಮಾತ್ರ ನುಗ್ಗುವ ಹಾಗಿಲ್ಲ. ನಾವು ಜುಲೈ ಕೊನೆಯಲ್ಲಿ ಹೋದದ್ದರಿಂದ ಬ್ಲೂಬೆರಿ ತಿಂದು ಮಕ್ಕಳ ನಾಲಗೆ ವಾರವಿಡೀ ನೇರಳೆ ತಿಂದಂತೆ ಕಪ್ಪು.

ಹಂಡೆ ಮತ್ತು ಹೂವಿನ ಗಿಡ

ಈ ಮೊಕ್ಕಿಗೆ ಈಗ ಮೂವರು ವಾರಸುದಾರರು. ಅಪ್ಪನ ನಂತರ ಪಾಲಾಗದೆ ಜಂಟಿಯಾಗಿಯೇ ಉಳಿದಿದೆ. ಬೇಸಿಗೆಯ ವಾರಗಳನ್ನು ಅಕ್ಕ–ತಮ್ಮಂದಿರು ಹಂಚಿಕೊಳ್ಳುತ್ತಾರೆ. ಮಿಕ್ಕ ವಾರಗಳ ಬಾಡಿಗೆಯಿಂದ ತೆರಿಗೆ, ಚಾವಣಿಯ ರಿಪೇರಿ ನಡೆಯುತ್ತದೆ. ಮುಂದಿನ ತಲೆಮಾರಿಗೆ ಬೇಕೋ ಬೇಡವೋ ಎಂದು ಒಡತಿ ಭುಜ ಹಾರಿಸಿದರು. ಈ ಮಾತನ್ನು ನಾನು ನಮ್ಮೂರಿನಲ್ಲೂ ಕೇಳಿದ್ದೇನೆ.

ನಮ್ಮಜ್ಜನ ಮನೆ ಪಾಲಾಗಿ, ಕೈ ಬದಲಾಗಿ ಈಗ ಹೋಂಸ್ಟೇ ಆಗಿದೆ. ಎರಡು ವರ್ಷದ ಹಿಂದೆ ದುಡ್ಡು ಕೊಟ್ಟು ಅಲ್ಲೇ ಉಳಿದುಕೊಂಡಿದ್ದೆ. ಒಳ್ಳೆಯ ಆತಿಥ್ಯ, ಕೇಳಿದಾಗ ಕಾಫಿ, ಬೆಳಿಗ್ಗೆ ಕಡುಬು, ಗೀಸರ್‌ನ ಬಿಸಿನೀರು. ಬಚ್ಚಲಿನ ತಾಮ್ರದ ಹಂಡೆ ಅಂಗಳಕ್ಕೆ ಬಂದಿದೆ, ಅದರ ತುಂಬ ಹೂವಿನ ಗಿಡ. ಎರಡು ದಿನ ನಾನು ಒಂದು ಲೋಟವನ್ನೂ ತೊಳೆಯಲಿಲ್ಲ. ತೊಳೆಯಲು ಹೋದರೆ ಹುಡುಗ ಓಡಿ ಬಂದು ಕಸಿದುಕೊಳ್ಳುತ್ತಿದ್ದ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಅತಿಥಿಯಾಗಿದ್ದೆ. ಭಾಷೆ ತಿಳಿಯದ ಈ ದೇಶದಲ್ಲಿ, ಯಾರೋ ಕಟ್ಟಿದ ಮನೆಯಲ್ಲಿ, ಮೂರನೇ ದಿನಕ್ಕೇ ಬಾವಿಯ ಬಕೆಟ್ಟು ಎಲ್ಲಿ ನೇತುಹಾಕಬೇಕು, ಯಾವ ಮೆಟ್ಟಿಲು ಕಿರುಗುಡುತ್ತದೆ ಎಂದು ಕೈಕಾಲಿಗೆ ಗೊತ್ತಾಗಿತ್ತು. ಕೆಲಸ ಮಾಡಿದ ಮನೆ ಬೇಗ ಪರಿಚಯವಾಗುತ್ತದೆ.

ಕೊನೆಯ ಶನಿವಾರ ಬೆಳಿಗ್ಗೆ ಎದ್ದು ಗುಡಿಸಿದೆವು, ಒರೆಸಿದೆವು, ಸೌನಾದ ಹಲಗೆ ಉಜ್ಜಿದೆವು. ಮುಂದೆ ಬರುವವರಿಗೆ ಮೊದಲ ಬೆಂಕಿಯ ಸೌದೆ ಇಟ್ಟು ಹೋಗುವುದು ಅಲ್ಲಿನ ರೂಢಿ. ಭಾವ ಸೀಳಿದರು, ಮಕ್ಕಳು ಹೊತ್ತು ತಂದರು, ನಾನು ಒಲೆಯ ಬಾಯಿಗೆ ತೊಗಟೆ, ಪುರಲೆ, ಸೀಳು ಒಟ್ಟಿದೆ. ಮೇಜಿನ ಮೇಲಿನ ಅತಿಥಿ ಪುಸ್ತಕದಲ್ಲಿ ಎಷ್ಟೋ ಬೇಸಿಗೆಗಳ ಬರಹವಿತ್ತು: ಮಳೆಯ ಲೆಕ್ಕ, ಹಿಡಿದ ಮೀನಿನ ತೂಕ. ಅಕ್ಕ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ಯಾರು ಓದುತ್ತಾರೋ ಬಿಡುತ್ತಾರೋ ಎಂದುಕೊಂಡು ಕನ್ನಡದಲ್ಲೇ ಬರೆದಳು: ‘ಸೌದೆ ಒಟ್ಟಿದ್ದೇವೆ. ಕಡ್ಡಿ ಗೀರುವ ಮೊದಲು ತಗಡು ಎಳೆಯಿರಿ.’